ಕಾಂಡೋಮ್ ಹರಿದು 19 ದಿನ: ಈ ಜ್ವರವನ್ನು ಎಚ್‌ಐವಿ ಲಕ್ಷಣವೆಂದು ತಿಳಿಯಬೇಕೇ?

ಪ್ರಶ್ನೆ: ಮಲ್ನಾಡ್29

ಎಲ್ಲರಿಗೂ ನಮಸ್ಕಾರ. ಈ ವಿಷಯವನ್ನು ಮನೆಯವರ ಬಳಿಯಾಗಲಿ, ರೂಮಿನ ಗೆಳೆಯರ ಬಳಿಯಾಗಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಹತ್ತೊಂಬತ್ತು ದಿನಗಳಿಂದ ಒಳಗೊಳಗೇ ಬೇಯುತ್ತಿದ್ದೇನೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ತಿಳಿದವರು ದಯವಿಟ್ಟು ಉತ್ತರಿಸಬೇಕು.

ನನ್ನ ವಯಸ್ಸು 29. ಊರು ಚಿಕ್ಕಮಗಳೂರು ಕಡೆ, ಕೆಲಸ ಬೆಂಗಳೂರಿನಲ್ಲಿ, ಮದುವೆಯಾಗಿಲ್ಲ. ನಾಲ್ಕೈದು ತಿಂಗಳಿಂದ ಪರಿಚಯವಿರುವ ಒಬ್ಬರ ಜೊತೆ ಶನಿವಾರ ರಾತ್ರಿ ಮೊದಲ ಬಾರಿಗೆ ಲೈಂಗಿಕ ಸಂಪರ್ಕವಾಯಿತು. ಕಾಂಡೋಮ್ ಬಳಸಿದ್ದೆ, ಆದರೆ ಅದು ಎರಡು ತಿಂಗಳಿಂದ ನನ್ನ ಪರ್ಸಿನಲ್ಲಿ, ಪ್ಯಾಂಟಿನ ಹಿಂದಿನ ಜೇಬಿನ ಶಾಖದಲ್ಲಿ ಮಡಚಿಕೊಂಡು ಬಿದ್ದಿದ್ದ ಪೊಟ್ಟಣ. ಸಾಲದ್ದಕ್ಕೆ ಜಾರಲಿ ಎಂದು ಕೊಬ್ಬರಿ ಎಣ್ಣೆಯನ್ನೂ ಹಚ್ಚಿದ್ದೆವು. ಮುಗಿದ ಮೇಲೆ ದೀಪ ಹಾಕಿ ನೋಡಿದರೆ ಬುಡದಲ್ಲಿ ಉಂಗುರದ ಹಾಗೆ ರಬ್ಬರಿನ ಅಂಚು ಮಾತ್ರ ಉಳಿದಿತ್ತು, ಮಿಕ್ಕದ್ದೆಲ್ಲ ಸೀಳಿ ಹಿಂದಕ್ಕೆ ಸುತ್ತಿಕೊಂಡಿತ್ತು. ಅದು ಯಾವಾಗ ಹರಿಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಆಗಲೇ ಡೆಟಾಲ್ ಹಾಕಿ ಮತ್ತೆ ಮತ್ತೆ ಉಜ್ಜಿ ತೊಳೆದುಕೊಂಡೆ. ಅವರು ಮಾರನೆಯ ದಿನ ಬೆಳಿಗ್ಗೆ ಗರ್ಭ ತಡೆಯುವ ತುರ್ತು ಮಾತ್ರೆ ತೆಗೆದುಕೊಂಡರು.

ಎಚ್‌ಐವಿ ತಗುಲದಂತೆ ತಡೆಯಲು 72 ಗಂಟೆಯೊಳಗೆ ಪಿಇಪಿ ಎಂಬ ಔಷಧ ಶುರುಮಾಡಬೇಕೆಂದು ಓದಿದ್ದು ಸೋಮವಾರ ರಾತ್ರಿ. ಮಂಗಳವಾರ ಬೆಳಿಗ್ಗೆ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ವೈದ್ಯರು ನನ್ನ ಮಾತು ಮುಗಿಯುವ ಮೊದಲೇ "ಅವೆಲ್ಲ ಏನೂ ಆಗುವುದಿಲ್ಲ, ಮುಂದೆ ಹುಷಾರಾಗಿರಿ" ಎಂದು ಹೇಳಿ ವಿಟಮಿನ್ ಮಾತ್ರೆ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಕೇಳಿದರೆ ಚೀಟಿ ಬೇಕೆಂದರು. ಇನ್ನೊಬ್ಬ ವೈದ್ಯರನ್ನು ಹುಡುಕಲು ನಾಚಿಕೆಯಾಯಿತು. ಅಷ್ಟರಲ್ಲಿ ಗಡುವು ಮುಗಿಯಿತು.

ಹನ್ನೆರಡನೆಯ ದಿನ ಗಂಟಲು ನೋವು ಶುರುವಾಯಿತು. ಹದಿನೈದನೆಯ ದಿನ 100.4 ಡಿಗ್ರಿ ಜ್ವರ, ಮೈಕೈ ನೋವು. ಈಗ ಜ್ವರ ಇಳಿದಿದೆ, ಆದರೆ ಕುತ್ತಿಗೆಯ ಎಡಭಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತದೆ, ಎದೆಯ ಮೇಲೆ ನಾಲ್ಕೈದು ಕೆಂಪು ಗುಳ್ಳೆಗಳಿವೆ. ದಿನಕ್ಕೆ ಇಪ್ಪತ್ತು ಸಲ ಆ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಮೊಬೈಲಿನ ಟಾರ್ಚ್ ಹಿಡಿದು ನಾಲಿಗೆಯ ಫೋಟೊ ತೆಗೆದು ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸುತ್ತೇನೆ. ಹದಿನೇಳನೆಯ ದಿನ ಖಾಸಗಿ ಲ್ಯಾಬಿನಲ್ಲಿ ಬೆರಳು ಚುಚ್ಚಿ ಕಾರ್ಡ್ ಪರೀಕ್ಷೆ ಮಾಡಿದರು, ನೆಗೆಟಿವ್ ಬಂದಿದೆ. ಅದನ್ನು ನಂಬಬಹುದೇ? ಮುಂದಿನ ವಾರ ನಮ್ಮ ಆಫೀಸಿನಲ್ಲಿ ರಕ್ತದಾನ ಶಿಬಿರವಿದೆ. ಅಲ್ಲಿ ರಕ್ತ ಕೊಟ್ಟರೆ ಹೇಗೂ ಎಚ್‌ಐವಿ ಪರೀಕ್ಷೆ ಮಾಡುತ್ತಾರಲ್ಲ, ಯಾರಿಗೂ ಗೊತ್ತಾಗದ ಹಾಗೆ ತಿಳಿದುಕೊಳ್ಳಬಹುದೆಂದು ಯೋಚಿಸಿದ್ದೇನೆ. ಎರಡು ತಿಂಗಳಲ್ಲಿ ತಂಗಿಯ ಮದುವೆ. ಒಂದು ವೇಳೆ ಪಾಸಿಟಿವ್ ಬಂದರೆ ನನ್ನ ಬದುಕಂತೂ ಮುಗಿದಂತೆಯೇ, ಮನೆಯವರ ಮುಖ ಹೇಗೆ ನೋಡಲಿ? ಆಕೆಯನ್ನು ನೇರವಾಗಿ ಕೇಳುವುದಕ್ಕೂ ಬಾಯಿ ಬರುತ್ತಿಲ್ಲ, ಕೇಳಿದರೆ ಸಂಶಯಪಟ್ಟಂತಾಗುತ್ತದೆ.

ಉತ್ತರ 1: ಆಪ್ತಸಮಾಲೋಚಕಿ

ನಾನು ಹದಿನಾಲ್ಕು ವರ್ಷಗಳಿಂದ ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಮೊದಲು ರಕ್ತದಾನದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಮಿಕ್ಕದ್ದಕ್ಕೆ ಸಮಯವಿದೆ, ಅದಕ್ಕಿಲ್ಲ. ದಯವಿಟ್ಟು ಆ ಶಿಬಿರಕ್ಕೆ ಹೋಗಬೇಡಿ. ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲಿ ರಕ್ತದಲ್ಲಿ ವೈರಸ್ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗುವ ಒಂದು ಅವಧಿಯಿದೆ. ಅದನ್ನು ವಿಂಡೋ ಅವಧಿ ಎನ್ನುತ್ತೇವೆ, ಗವಾಕ್ಷಿ ಅವಧಿ ಎಂದೂ ಬರೆಯುತ್ತಾರೆ. ನೀವು ಕೊಡುವ ಒಂದು ಚೀಲ ರಕ್ತವನ್ನು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿ ಮೂವರು ರೋಗಿಗಳಿಗೆ ಏರಿಸುವುದುಂಟು. ನಿಮಗೆ ಸೋಂಕು ಇರುವ ಸಾಧ್ಯತೆ ತೀರಾ ಕಡಿಮೆಯೇ ಇರಬಹುದು, ಆದರೆ ಅನುಮಾನವಿರುವಾಗ ಪರೀಕ್ಷೆಗೆಂದು ರಕ್ತ ಕೊಡುವ ಹಾಗಿಲ್ಲ. ಶಿಬಿರದ ದಿನ ಜ್ವರ ಬಂದು ಹೋಗಿದೆ ಎಂದು ಹೇಳಿ ಹಿಂದೆ ಸರಿಯಿರಿ. ಅದು ನಿಜವೂ ಹೌದು.

ಇನ್ನು ನಿಮ್ಮ ಲಕ್ಷಣಗಳು. ಎಚ್‌ಐವಿ ತಗುಲಿದ ಹಲವರಲ್ಲಿ ಎರಡರಿಂದ ನಾಲ್ಕು ವಾರಗಳ ನಡುವೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕುತ್ತಿಗೆ ಕಂಕುಳಲ್ಲಿ ಗಂಟು, ಬಾಯಿಹುಣ್ಣು ಕಾಣಿಸಿಕೊಂಡು ಕೆಲವು ದಿನಗಳಲ್ಲೋ ಎರಡು ವಾರದಲ್ಲೋ ತಾನಾಗಿ ಹೋಗುತ್ತದೆ. ನಿಮ್ಮ ಜ್ವರ ಆ ಅವಧಿಯಲ್ಲೇ ಬಂದಿದೆ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಸುಳ್ಳು ಸಮಾಧಾನ ಹೇಳಿದರೆ ನೀವು ನಾಳೆ ಇನ್ನೆಲ್ಲೋ ಓದಿ ಇಮ್ಮಡಿ ಹೆದರುತ್ತೀರಿ. ಆದರೆ ಇದೇ ಲಕ್ಷಣಗಳು ಸಾಮಾನ್ಯ ವೈರಲ್ ಜ್ವರಕ್ಕೂ ಇವೆ, ಡೆಂಗಿಗೂ ಇವೆ, ಗಂಟಲಿನ ಸೋಂಕಿಗೂ ಇವೆ. ಗಂಟಲು ಕೆಟ್ಟರೆ ಕುತ್ತಿಗೆಯ ದುಗ್ಧಗ್ರಂಥಿ ಊದಿಕೊಳ್ಳುವುದು ದೇಹದ ಸಹಜ ಕೆಲಸ. ಅದನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ಅದು ನೋಯುತ್ತದೆ, ಊತವೂ ಬೇಗ ಇಳಿಯುವುದಿಲ್ಲ. ಇನ್ನೊಂದು ಕಡೆ, ಸೋಂಕು ತಗುಲಿಯೂ ಒಂದು ದಿನ ಮೈ ಬಿಸಿಯಾಗದವರನ್ನು ನಾನು ನೋಡಿದ್ದೇನೆ. ಹಾಗಾಗಿ ಲಕ್ಷಣ ಬಂತೆಂದು ಪಾಸಿಟಿವ್ ಎನ್ನಲಾಗದು, ಬರಲಿಲ್ಲವೆಂದು ನೆಗೆಟಿವ್ ಎನ್ನಲಾಗದು. ನಮ್ಮ ಮೇಜಿನ ಮುಂದೆ ಕುಳಿತವರೆಲ್ಲ ಲಕ್ಷಣಗಳ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ನಾವು ಕೇಳುವುದು ಒಂದೇ, ಸಂಪರ್ಕವಾಗಿ ಎಷ್ಟು ದಿನವಾಯಿತು ಎಂದು.

ಆ ದಿನಗಳ ಲೆಕ್ಕ ಹೀಗಿದೆ. ಬೆರಳು ಚುಚ್ಚಿ ಮಾಡುವ ಕಾರ್ಡ್ ಪರೀಕ್ಷೆಗಳಲ್ಲಿ ಹೆಚ್ಚಿನವು ನೋಡುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಅಳತೆಗೆ ಸಿಗುವ ಮಟ್ಟಕ್ಕೆ ಬರಲು 23ರಿಂದ 90 ದಿನ ಬೇಕಾಗಬಹುದು. ಆದ್ದರಿಂದ ಹದಿನೇಳನೆಯ ದಿನದ ನಿಮ್ಮ ನೆಗೆಟಿವ್ ವರದಿ ಹೇಳುವುದು ಇಷ್ಟೇ: ಈ ಸಂಪರ್ಕಕ್ಕಿಂತ ಮೊದಲು ನಿಮಗೆ ಸೋಂಕು ಇದ್ದಿರಲಿಕ್ಕಿಲ್ಲ. ಈ ಸಂಪರ್ಕದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆಯು ಪ್ರತಿಕಾಯದ ಜೊತೆಗೆ ಪಿ24 ಎಂಬ ವೈರಸ್ಸಿನ ಪ್ರೋಟೀನನ್ನೂ ಹುಡುಕುವುದರಿಂದ 18ರಿಂದ 45 ದಿನಗಳೊಳಗೆ ಸೋಂಕನ್ನು ಹಿಡಿಯುತ್ತದೆ. 45 ದಿನ ಕಳೆದ ಮೇಲೆ ಅದು ನೆಗೆಟಿವ್ ಬಂದರೆ ಈ ಘಟನೆಯ ಮಟ್ಟಿಗೆ ಅದನ್ನು ನಂಬಬಹುದು. ಕಾರ್ಡ್ ಪರೀಕ್ಷೆಯಾದರೆ 90 ದಿನ ಕಾಯಬೇಕು.

ಐಸಿಟಿಸಿಗೆ ಬರಲು ಹೆದರುವವರಿಗಾಗಿ ಅಲ್ಲಿ ಏನು ನಡೆಯುತ್ತದೆಂದು ಹೇಳುತ್ತೇನೆ. ಜಿಲ್ಲಾ ಆಸ್ಪತ್ರೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಕೇಂದ್ರಗಳಿವೆ, ಹಣ ಕೊಡಬೇಕಿಲ್ಲ. ಬಾಗಿಲು ಹಾಕಿಕೊಂಡು ಒಬ್ಬೊಬ್ಬರೊಂದಿಗೇ ಮಾತನಾಡುತ್ತೇವೆ, ಒಪ್ಪಿಗೆ ಪಡೆಯುತ್ತೇವೆ, ಆಮೇಲೆ ರಕ್ತ. ಕಾರ್ಡಿನ ಗುಂಡಿಗೆ ಒಂದು ಹನಿ ಬಿಟ್ಟು ಕೆಲವು ನಿಮಿಷ ಕಾದರೆ ನಿಯಂತ್ರಣದ ಗೆರೆ ಮೂಡುತ್ತದೆ; ಅದರ ಜೊತೆ ಇನ್ನೊಂದು ಗೆರೆ ಮೂಡಿದರೂ ನಾವು ಪಾಸಿಟಿವ್ ಎಂದು ಬರೆದುಬಿಡುವುದಿಲ್ಲ, ಬೇರೆ ಬೇರೆ ತತ್ವದ ಇನ್ನೂ ಎರಡು ಕಿಟ್‌ಗಳಲ್ಲಿ ನೋಡುತ್ತೇವೆ. ಫಲಿತಾಂಶವನ್ನು ನಿಮ್ಮ ಕೈಗೇ ಕೊಡುತ್ತೇವೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ವಿಷಯವನ್ನು ಬಹಿರಂಗಪಡಿಸುವಂತಿಲ್ಲ, ಕೆಲಸ ಕೊಡುವವರು ಈ ಪರೀಕ್ಷೆಯನ್ನು ಷರತ್ತಾಗಿ ಇಡುವಂತೆಯೂ ಇಲ್ಲ. ರಾತ್ರಿ ತಡೆಯಲಾರದಷ್ಟು ಗಾಬರಿಯಾದರೆ 1097ಕ್ಕೆ ಕರೆ ಮಾಡಿ; ಅದು ರಾಷ್ಟ್ರೀಯ ಸಹಾಯವಾಣಿ, ಕರೆಗೆ ಶುಲ್ಕವಿಲ್ಲ, ಹೆಸರು ಹೇಳಬೇಕೆಂದೇನೂ ಇಲ್ಲ.

ಉತ್ತರ 2: ವೈದ್ಯ, ಹುಬ್ಬಳ್ಳಿ

ಮೇಡಂ ಅವರು ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಚ್‌ಐವಿಯ ಆರಂಭದ ಜ್ವರ ಬರುವ ಹೊತ್ತಿಗೆ ರಕ್ತದಲ್ಲಿ ವೈರಸ್ ಬಹಳ ಹೆಚ್ಚಿರುತ್ತದೆ, ಪಿ24 ಕೂಡ ಆಗಲೇ ಹೆಚ್ಚಾಗಿ ಸಿಗುತ್ತದೆ. ಆದ್ದರಿಂದ ನಿಮ್ಮಂತೆ ಜ್ವರ ಬಂದವರು 45ನೆಯ ದಿನದವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈ ವಾರವೇ ತೋಳಿನ ರಕ್ತ ಕೊಟ್ಟು ನಾಲ್ಕನೇ ತಲೆಮಾರಿನ ಪರೀಕ್ಷೆ ಮಾಡಿಸಿ. ಅದು ನೆಗೆಟಿವ್ ಬಂದರೆ ಈ ಜ್ವರಕ್ಕೆ ಎಚ್‌ಐವಿ ಕಾರಣವಾಗಿರುವ ಸಾಧ್ಯತೆ ಬಹಳಷ್ಟು ಕಡಿಮೆಯಾಗುತ್ತದೆ. ಅದರ ನಂತರವೂ 45 ದಿನ ಕಳೆದ ಮೇಲೆ ಮತ್ತೊಮ್ಮೆ ಮಾಡಿಸಲೇಬೇಕು. ಜ್ವರ ಮರುಕಳಿಸಿದರೆ ಡೆಂಗಿ ಪರೀಕ್ಷೆಯನ್ನೂ ಪ್ಲೇಟ್‌ಲೆಟ್ ಎಣಿಕೆಯನ್ನೂ ಮಾಡಿಸಿ. ಎಚ್‌ಐವಿಯ ಭಯದಲ್ಲಿ ಮುಳುಗಿ ಡೆಂಗಿಯನ್ನು ಕಡೆಗಣಿಸಿ ಆಸ್ಪತ್ರೆ ಸೇರಿದ ಹುಡುಗನೊಬ್ಬನನ್ನು ನಾನೇ ನೋಡಿಕೊಂಡಿದ್ದೇನೆ.

ಅಪಾಯ ಎಷ್ಟು ಎಂಬ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರಿಸುತ್ತೇನೆ. ಎಚ್‌ಐವಿ ಇದ್ದು ಚಿಕಿತ್ಸೆ ತೆಗೆದುಕೊಳ್ಳದ ಮಹಿಳೆಯೊಂದಿಗೆ ಕಾಂಡೋಮ್ ಇಲ್ಲದೆ ಯೋನಿ ಸಂಭೋಗ ನಡೆದಾಗ ಗಂಡಸಿಗೆ ಸೋಂಕು ತಗುಲುವ ಸಂಭವ ಹತ್ತು ಸಾವಿರ ಸಂಪರ್ಕಗಳಿಗೆ ಸುಮಾರು 4, ಅಂದರೆ 2,500ಕ್ಕೆ ಒಂದು. ಹೆಂಗಸಿಗೆ ಇದರ ಇಮ್ಮಡಿ, ಸುಮಾರು 8. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಇದು 138ರಷ್ಟು, ಹಾಗಾಗಿ ಯಾವ ಬಗೆಯ ಸಂಪರ್ಕವೆಂದು ವೈದ್ಯರು ಕೇಳಿದರೆ ಸಂಕೋಚಪಡದೆ ಹೇಳಬೇಕು. ಇಷ್ಟೂ ಸಂಗಾತಿಗೆ ಸೋಂಕು ಇದೆ ಎಂದೇ ಇಟ್ಟುಕೊಂಡು ಹೇಳಿದ್ದು. ಕರ್ನಾಟಕದಲ್ಲಿ ವಯಸ್ಕರ ಪೈಕಿ ಎಚ್‌ಐವಿ ಇರುವವರು ದೇಶದ ಸರಾಸರಿಗಿಂತ ಹೆಚ್ಚಿದ್ದರೂ ಶೇಕಡಾ ಅರ್ಧಕ್ಕಿಂತ ಕಡಿಮೆ. ಅರ್ಧವೆಂದೇ ಹಿಡಿಯೋಣ: 200ರಲ್ಲಿ ಒಬ್ಬರಿಗೆ ಸೋಂಕು, ಅಂಥವರೊಂದಿಗಿನ 2,500 ಸಂಪರ್ಕಗಳಲ್ಲಿ ಒಂದರಲ್ಲಿ ಹರಡುವಿಕೆ, ಎರಡನ್ನೂ ಗುಣಿಸಿದರೆ 5 ಲಕ್ಷಕ್ಕೆ ಒಂದು. ಜನನಾಂಗದ ಮೇಲೆ ಹುಣ್ಣಿದ್ದರೆ, ಬೇರೆ ಲೈಂಗಿಕ ಸೋಂಕಿದ್ದರೆ, ಅಥವಾ ಸಂಗಾತಿಗೆ ಇತ್ತೀಚೆಗಷ್ಟೇ ಎಚ್‌ಐವಿ ತಗುಲಿದ್ದರೆ ಈ ಲೆಕ್ಕ ಏರುತ್ತದೆ. ಪರೀಕ್ಷೆ ಬೇಡವೆನ್ನಲು ನಾನು ಇದನ್ನು ಹೇಳುತ್ತಿಲ್ಲ. ಪರೀಕ್ಷೆಯವರೆಗಿನ ದಿನಗಳಲ್ಲಿ ನೀವು ಅನ್ನ ತಿಂದು ನಿದ್ದೆ ಮಾಡಬೇಕಲ್ಲ, ಅದಕ್ಕಾಗಿ ಹೇಳುತ್ತಿದ್ದೇನೆ.

ಕ್ಲಿನಿಕ್ಕಿನಲ್ಲಿ ನಿಮಗಾದ ಅನುಭವ ಓದಿ ನನ್ನ ವೃತ್ತಿಯವನೊಬ್ಬನಾಗಿ ಬೇಸರವಾಯಿತು. ಅಪಾಯ ಕಡಿಮೆ ಎಂದು ಅವರಿಗೆ ಅನ್ನಿಸಿದ್ದರೆ ಹಾಗೆಂದು ಕಾರಣ ಸಹಿತ ಹೇಳಬೇಕಿತ್ತು, ಸಂಗಾತಿಯ ಸ್ಥಿತಿಯ ಬಗ್ಗೆ ವಿಚಾರಿಸಬೇಕಿತ್ತು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ನಿನ್ನೆಯೋ ಮೊನ್ನೆಯೋ ಹೀಗಾಗಿದ್ದರೆ ಅವರಿಗಾಗಿ ಬರೆಯುತ್ತೇನೆ. ಪಿಇಪಿ ಎಂದರೆ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ಒಳಹೊಕ್ಕ ವೈರಸ್ ದುಗ್ಧಗ್ರಂಥಿಗಳನ್ನು ತಲುಪಿ ನೆಲೆಯೂರುವ ಮೊದಲೇ ಅದು ಮರಿಯಾಗುವುದನ್ನು ತಡೆಯುವುದು ಇದರ ಕೆಲಸ. ಆದ್ದರಿಂದ 72 ಗಂಟೆ ಎಂಬುದು ಕೊನೆಯ ಗಡುವು, ಅಷ್ಟು ಹೊತ್ತು ಆರಾಮವಾಗಿ ಯೋಚಿಸಬಹುದೆಂದು ಅರ್ಥವಲ್ಲ. ಎಷ್ಟು ಬೇಗ ನುಂಗುತ್ತೀರೋ ಅಷ್ಟು ಒಳ್ಳೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಮುಖ್ಯವಾಗಿ ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇಟ್ಟಿರುತ್ತಾರೆ. ಉಳಿದವರು ಖಾಸಗಿ ವೈದ್ಯರಿಂದ ಚೀಟಿ ಬರೆಸಿಕೊಂಡು ತರಬೇಕಾಗಬಹುದು. ಒಬ್ಬರು ಇಲ್ಲವೆಂದರೆ ಅದೇ ದಿನ ಇನ್ನೊಬ್ಬರ ಬಳಿ ಹೋಗಿ. ಶುರುಮಾಡುವಾಗಲೇ ಎಚ್‌ಐವಿ, ಹೆಪಟೈಟಿಸ್ ಬಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ಕೊಡಬೇಕು, ಆದರೆ ವರದಿಗಾಗಿ ಮೊದಲ ಮಾತ್ರೆಯನ್ನು ತಡಮಾಡಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆ್ಯಸಿಡಿಟಿಯ ಟಾನಿಕ್ಕುಗಳು ಡೊಲುಟೆಗ್ರಾವಿರ್ ದೇಹಕ್ಕೆ ಸೇರದಂತೆ ಮಾಡುತ್ತವೆ. ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆಯ ನಂತರ ಈ ಮಾತ್ರೆ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ವೈದ್ಯರಿಗೆ ಮರೆಯದೆ ಹೇಳಬೇಕು.

ಪ್ರಶ್ನೆ ಕೇಳಿದವರಿಗೆ ಮತ್ತೆರಡು ಮಾತು. ಡೆಟಾಲ್ ಹಾಕಿ ಉಜ್ಜುವುದರಿಂದ ಚರ್ಮ ತರಚಿಹೋಗುತ್ತದೆಯೇ ಹೊರತು ಪ್ರಯೋಜನವಿಲ್ಲ. ಸಾಬೂನು ನೀರು ಸಾಕು. ಕೊಬ್ಬರಿ ಎಣ್ಣೆಯೇ ಆಗಲಿ, ವ್ಯಾಸಲೀನೇ ಆಗಲಿ, ಲೇಟೆಕ್ಸ್ ರಬ್ಬರನ್ನು ನಿಮಿಷಗಳಲ್ಲೇ ಸಡಿಲಗೊಳಿಸುತ್ತದೆ. ನಿಮ್ಮ ಕಾಂಡೋಮ್ ಹರಿದದ್ದಕ್ಕೆ ಪರ್ಸಿನ ಶಾಖಕ್ಕಿಂತ ಎಣ್ಣೆಯೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಜಾರುವಿಕೆ ಬೇಕಾದರೆ ನೀರಿನಂಶದ ಜೆಲ್ಲಿಯನ್ನೇ ಬಳಸಬೇಕು. ಇನ್ನೊಂದು, ಎಲ್ಲರೂ ಎಚ್‌ಐವಿಯನ್ನೇ ನೆನೆಯುತ್ತಾರೆ, ಅದಕ್ಕಿಂತ ಸುಲಭವಾಗಿ ಹರಡುವ ಗೊನೋರಿಯಾ, ಸಿಫಿಲಿಸ್, ಹೆಪಟೈಟಿಸ್ ಬಿಗಳನ್ನು ಮರೆಯುತ್ತಾರೆ. ಮೂತ್ರ ಉರಿ, ಕೀವು, ನೋವಿಲ್ಲದ ಹುಣ್ಣು ಇವುಗಳಲ್ಲಿ ಯಾವುದಾದರೂ ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್ಕಿಗೆ ಹೋಗಿ. ಏನೂ ಕಾಣದಿದ್ದರೂ ಮೂರು ತಿಂಗಳಾಗುವಾಗ ಸಿಫಿಲಿಸ್ ಪರೀಕ್ಷೆ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆ ಹಿಂದೆ ಹಾಕಿಸಿಕೊಂಡಿಲ್ಲವಾದರೆ ರಕ್ತ ಪರೀಕ್ಷೆಯಾದೊಡನೆ ಶುರುಮಾಡಿ.

ಉತ್ತರ 3: ಬಾಗಲಕೋಟೆ ಕಡೆಯವ

ತಮ್ಮಾ, ನಿನ್ನ ಪ್ರಶ್ನೆಯಲ್ಲಿ "ಪಾಸಿಟಿವ್ ಬಂದರೆ ಬದುಕು ಮುಗಿದಂತೆಯೇ" ಎಂಬ ಮಾತಿದೆ. ನನಗೆ 2009ರಲ್ಲಿ ಪಾಸಿಟಿವ್ ಬಂದಿದೆ, ಆದ್ದರಿಂದ ಆ ಒಂದು ಮಾತಿಗೆ ಮಾತ್ರ ಉತ್ತರ ಕೊಡುತ್ತೇನೆ.

ಆಗ ನನಗೂ ನಿನ್ನದೇ ವಯಸ್ಸು. ಆ ಕಾಲದಲ್ಲಿ ರಕ್ತದಲ್ಲಿ ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 ಎಣಿಕೆ ಇಳಿಯುವವರೆಗೂ ಮಾತ್ರೆ ಕೊಡುತ್ತಿರಲಿಲ್ಲ, ನನಗೆ ಎಆರ್‌ಟಿ, ಅಂದರೆ ಎಚ್‌ಐವಿಯ ಮಾತ್ರೆ, ಶುರುವಾದದ್ದು 2011ರಲ್ಲಿ. ಈಗ ಹಾಗಿಲ್ಲ, 2017ರಿಂದ, ಪಾಸಿಟಿವ್ ಎಂದು ತಿಳಿದವರಿಗೆಲ್ಲ ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಉಚಿತವಾಗಿ ಶುರುವಾಗುತ್ತದೆ. ನಾನು ರಾತ್ರಿ ರೊಟ್ಟಿ ಉಂಡ ಮೇಲೆ ಒಂದು ಮಾತ್ರೆ ನುಂಗುತ್ತೇನೆ, ಹೊಲ ನೋಡಿಕೊಳ್ಳುತ್ತೇನೆ, ಮಗಳನ್ನು ಕಾಲೇಜಿಗೆ ಕಳಿಸುತ್ತೇನೆ. ಹೆಂಡತಿಗೂ ಮಗಳಿಗೂ ಎಚ್‌ಐವಿ ಇಲ್ಲ.

ನಮಗೂ ಒಮ್ಮೆ ಕಾಂಡೋಮ್ ಹರಿದಿದೆ, 2013ರಲ್ಲಿ. ನಿನಗೆ ಸಂಗಾತಿಯ ಸ್ಥಿತಿ ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು. ಅವಳು ಒಂದು ಮಾತೂ ಆಡಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಕಡೆ, ಒಂದೂವರೆ ತಿಂಗಳಿಗೆ ಒಂದು ಚುಕ್ಕೆ, ಮೂರು ತಿಂಗಳಿಗೆ ಒಂದು ಚುಕ್ಕೆ ಇಟ್ಟಳು. ಆ ಎರಡು ಚುಕ್ಕೆಗಳ ನಡುವಿನ ದಿನಗಳಲ್ಲಿ ಅವಳಿಗೊಮ್ಮೆ ನೆಗಡಿಯಾದಾಗ ನಾನು ಹಿತ್ತಲಿಗೆ ಹೋಗಿ ಅತ್ತಿದ್ದೇನೆ. ಎರಡೂ ಪರೀಕ್ಷೆ ನೆಗೆಟಿವ್ ಬಂತು. ಸರಿಯಾಗಿ ಮಾತ್ರೆ ತೆಗೆದುಕೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ಹರಡುವುದಿಲ್ಲವೆಂದು ನಮ್ಮ ಎಆರ್‌ಟಿ ಕೇಂದ್ರದ ವೈದ್ಯರು ಆಮೇಲೆ ವಿವರಿಸಿದರು. ಯೂರೋಪಿನಲ್ಲಿ ನಡೆದ ಪಾರ್ಟ್‌ನರ್-2 ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ಸೋಂಕಿದ್ದು ಚಿಕಿತ್ಸೆಯಲ್ಲಿರುವ 782 ಗಂಡು ಜೋಡಿಗಳು ಕಾಂಡೋಮ್ ಇಲ್ಲದೆ 76 ಸಾವಿರಕ್ಕೂ ಹೆಚ್ಚು ಬಾರಿ ಕೂಡಿದರೂ ಸಂಗಾತಿಯಿಂದ ಸಂಗಾತಿಗೆ ಒಂದೇ ಒಂದು ಸೋಂಕೂ ದಾಟಿರಲಿಲ್ಲ. ಆ ಹಾಳೆಯನ್ನು ಹೆಂಡತಿಗೆ ಓದಿ ಹೇಳಿದ್ದೇನೆ.

ನಿನಗೆ ನೆಗೆಟಿವ್ ಬರಲಿ ಎಂದೇ ನಾನು ಹಾರೈಸುತ್ತೇನೆ. ಪಾಸಿಟಿವ್ ಬಂದರೂ ನೀನು ತಂಗಿಯ ಮದುವೆಯಲ್ಲಿ ಓಡಾಡುತ್ತೀಯ, ಊಟಕ್ಕೆ ಬಡಿಸುತ್ತೀಯ, ಯಾರಿಗೂ ಏನೂ ಆಗುವುದಿಲ್ಲ. ಇನ್ನೊಂದು ಕೇಳುತ್ತೇನೆ. ಆ ಹೆಣ್ಣುಮಗಳ ಬಗ್ಗೆ ನಿನಗೆ ಅನುಮಾನ ಬಂದಿದೆ, ಸರಿ. ಹರಿದದ್ದು ಇಬ್ಬರ ನಡುವಿನ ಕಾಂಡೋಮ್. ವೈದ್ಯರು ಹೇಳಿದ ಲೆಕ್ಕದಲ್ಲಿ ಅವಳ ಅಪಾಯವೇ ನಿನ್ನದಕ್ಕಿಂತ ಇಮ್ಮಡಿ. ಅವಳು ಈ ಹತ್ತೊಂಬತ್ತು ದಿನ ಹೇಗೆ ಕಳೆದಳೆಂದು ಕೇಳಿದ್ದೀಯಾ?

ಮಲ್ನಾಡ್29 (24ನೆಯ ದಿನ)

ಎಲ್ಲರಿಗೂ ಕೈಮುಗಿಯುತ್ತೇನೆ. ರಕ್ತದಾನಕ್ಕೆ ಹೋಗಲಿಲ್ಲ. ವೈದ್ಯರು ಹೇಳಿದ ಹಾಗೆ 21ನೆಯ ದಿನ ತೋಳಿನ ರಕ್ತ ಕೊಟ್ಟೆ, ನಾಲ್ಕನೇ ತಲೆಮಾರಿನ ಪರೀಕ್ಷೆ ನೆಗೆಟಿವ್ ಬಂದಿದೆ.

ಬಾಗಲಕೋಟೆಯ ಅಣ್ಣ ಕೇಳಿದ ಪ್ರಶ್ನೆ ಎರಡು ರಾತ್ರಿ ನನ್ನನ್ನು ಬಿಡಲಿಲ್ಲ. ಭಾನುವಾರ ಆಕೆಯನ್ನು ಭೇಟಿಯಾಗಿ, ನನ್ನ ವರದಿಯನ್ನು ಮೊದಲು ಅವರ ಕೈಗೆ ಕೊಟ್ಟು, ಆಮೇಲೆ ಮಾತು ತೆಗೆದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಾವೂ ನನ್ನ ಬಗ್ಗೆ ಇದೇ ಹೆದರಿಕೆಯಲ್ಲಿ ಇದ್ದುದಾಗಿಯೂ, ಕೇಳಿದರೆ ನಾನು ತಪ್ಪು ತಿಳಿಯುತ್ತೇನೆಂದು ಸುಮ್ಮನಾದುದಾಗಿಯೂ ಹೇಳಿದರು. ಅವರಿಗೆ ಮುಟ್ಟು ಆರು ದಿನ ತಡವಾಗಿ ಬಂದಿತ್ತಂತೆ, ಆ ಆರು ದಿನ ಒಬ್ಬರೇ ಕಳೆದಿದ್ದಾರೆ. ನನಗೆ ಅದರ ಸುಳಿವೂ ಇರಲಿಲ್ಲ. 46ನೆಯ ದಿನ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗುವುದೆಂದು ಮಾತಾಗಿದೆ. ಗಂಟು ಮುಟ್ಟಿ ನೋಡಿಕೊಳ್ಳುವುದನ್ನು ಪೂರ್ತಿ ಬಿಡಲು ಇನ್ನೂ ಆಗಿಲ್ಲ.

ಉತ್ತರ: ಆಪ್ತಸಮಾಲೋಚಕಿ

ಒಳ್ಳೆಯ ಕೆಲಸ ಮಾಡಿದ್ದೀರಿ. 46ನೆಯ ದಿನದವರೆಗೆ ಇಬ್ಬರೂ ಸಂಪರ್ಕವನ್ನು ತಪ್ಪಿಸಿ, ಇಲ್ಲವೇ ಹೊಸ ಪೊಟ್ಟಣದ ಕಾಂಡೋಮನ್ನು ಸರಿಯಾಗಿ ಬಳಸಿ. ನಡುವೆ ಮತ್ತೊಂದು ಎಡವಟ್ಟಾದರೆ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ತುರ್ತು ಮಾತ್ರೆ ನುಂಗಿದಾಗ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯ, ಒಂದು ವಾರಕ್ಕಿಂತ ಹೆಚ್ಚು ತಡವಾಗಿದ್ದರೆ ಗರ್ಭದ ಪರೀಕ್ಷೆ ಮಾಡಿಕೊಳ್ಳಬೇಕಿತ್ತು ಎಂದು ಅವರಿಗೆ ತಿಳಿಸಿ. ಗಂಟನ್ನು ಮುಟ್ಟುವ ಚಟಕ್ಕೆ ನಾನು ಹೇಳುವ ಉಪಾಯ ಒಂದೇ: ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಆ ದಿನ ಸ್ನಾನದ ಹೊತ್ತಿನಲ್ಲಿ ಒಮ್ಮೆ ಮಾತ್ರ ನೋಡಿಕೊಳ್ಳಿ. ಒಂದು ತಿಂಗಳಾದರೂ ಕರಗದಿದ್ದರೆ, ದೊಡ್ಡದಾದರೆ ವೈದ್ಯರಿಗೆ ತೋರಿಸಿ.

ಮಲ್ನಾಡ್29 (48ನೆಯ ದಿನ)

ಇಬ್ಬರದೂ ನೆಗೆಟಿವ್. ವರದಿಯಲ್ಲಿ ನಾಲ್ಕನೇ ತಲೆಮಾರಿನ ಪರೀಕ್ಷೆ ಎಂದೇ ನಮೂದಿಸಿದ್ದಾರೆ. ಗಂಟು ಈಗ ಕೈಗೆ ಸಿಗುತ್ತಿಲ್ಲ. ಇಷ್ಟಾದ ಮೇಲೂ 90ನೆಯ ದಿನ, ಆರನೆಯ ತಿಂಗಳು ಎಂದು ಮತ್ತೆ ಮತ್ತೆ ಮಾಡಿಸಬೇಕೇ?

ಉತ್ತರ: ವೈದ್ಯ, ಹುಬ್ಬಳ್ಳಿ

ನೀವು ಪಿಇಪಿ ತೆಗೆದುಕೊಂಡಿಲ್ಲ, ಹೊಸ ಸಂಪರ್ಕವೂ ಆಗಿಲ್ಲ, 45 ದಿನ ದಾಟಿದೆ. ಆ ರಾತ್ರಿಗೆ ಸಂಬಂಧಿಸಿದಂತೆ ಎಚ್‌ಐವಿಯ ವಿಷಯ ಇಲ್ಲಿಗೆ ಮುಗಿಯಿತು. ಪಿಇಪಿ ತೆಗೆದುಕೊಂಡವರಾಗಿದ್ದರೆ ಮಾತ್ರೆ ಮುಗಿದ ಮೇಲೂ ಮೂರು ತಿಂಗಳವರೆಗೆ ಪರೀಕ್ಷೆ ಮುಂದುವರಿಸಿ ಎನ್ನುತ್ತಿದ್ದೆ, ನಿಮಗೆ ಅದು ಬೇಕಿಲ್ಲ. ಮೂರು ತಿಂಗಳಿಗೆ ಸಿಫಿಲಿಸ್ ಪರೀಕ್ಷೆ ಬಾಕಿಯಿದೆ, ಇಬ್ಬರೂ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಆಗಿದ್ದರೆ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೆಯ ತಿಂಗಳಿಗೆ. ಆ ಮೂರನೆಯದನ್ನು ಬಹಳ ಜನ ಮರೆಯುತ್ತಾರೆ, ತಂಗಿಯ ಮದುವೆಯ ಓಡಾಟ ಮುಗಿದ ಮೇಲೆ ನೆನಪಿಟ್ಟುಕೊಂಡು ಹಾಕಿಸಿಕೊಳ್ಳಿ.